ಮೂಳೆತಾತ ಹಾಕುವ ಚಿಲಕ

ಊರ ಮ್ಯೂಸಿಯಮ್ಮಿನಲ್ಲಿ ಗುಡ್ಡದ ಗುಹೆಯಲ್ಲಿ ಸಿಕ್ಕ ಹಳೇ ಮೂಳೆಗಳನ್ನು ಕಾಯುವ ಮುದುಕನಿಗೆ ಎಲ್ಲರೂ ಮೂಳೆತಾತ ಎನ್ನುತ್ತಾರೆ. ಚುಕ್ಕೆ ಕತ್ತೆಕಿರುಬದ ತಲೆಬುರುಡೆಯ ಧೂಳು ಒರೆಸುವಾಗಲೂ ಆತ ಅದರ ಹಲ್ಲಿನ ಹತ್ತಿರ ಬೆರಳು ಒಯ್ಯುವವನಲ್ಲ. "ಒಂದು ಕಾಲಕ್ಕೆ ನಮ್ಮ ಗುಡ್ಡವೂ ಇದರದೇ. ಈಗ ಈ ಚುಕ್ಕೆ ಜಾತಿ ಆಫ್ರಿಕಾ ಬಿಟ್ರೆ ಎಲ್ಲೂ ಇಲ್ಲ, ಧೈರ್ಯವಾಗಿರಿ," ಎಂದು ಬಂದವರಿಗೆ ಭೂಪಟ ತೋರಿಸುತ್ತಾನೆ, ತಾನು ಮಾತ್ರ ಗೋಡೆಗೆ ಬೆನ್ನು ಕೊಟ್ಟೇ ನಿಂತಿರುತ್ತಾನೆ. ಮನೆಯಲ್ಲೂ ಅಷ್ಟೇ, ಹೊತ್ತು ಮುಳುಗುವ ಮೊದಲೇ ಬಾಗಿಲು ಭದ್ರ. "ಸತ್ತು ಸಾವಿರಾರು ವರ್ಷ ಆಗಿರೋ ಮೃಗಕ್ಕೆ ಹೆದರೋ ಗಂಡಸು ನೀವೊಬ್ಬರೇ ಕಣ್ರೀ," ಎಂದು ಹೆಂಡತಿ ನಗುತ್ತಾಳೆ. "ಅದು ಹೋಯ್ತಲ್ಲ ತಾತ, ಮತ್ಯಾಕೆ ಚಿಲಕ?" ಎನ್ನುತ್ತಾಳೆ ಮೊಮ್ಮಗಳು. "ಹೋಯ್ತು ಪುಟ್ಟಿ. ದಾರಿ ಮರೆತಿರಲ್ವಲ್ಲ." ಹಾಗೆಂದು, ಊಟಕ್ಕೆ ಕೂತವಳ ಮುಂಗೈಯನ್ನು ಆಟವೆಂಬಂತೆ ಗೇಣು ಹಿಡಿದು ಅಳೆಯುತ್ತಾನೆ. ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಯಲ್ಲಿ, ಎರಡೂ ತುದಿಗೆ ಕತ್ತೆಕಿರುಬದ ಹಲ್ಲು ನಾಟಿದ ಗುರುತಿರುವ ಸಣ್ಣದೊಂದು ಮೂಳೆಯಿದೆ. ನೋಡಲು ಬಂದ ಮಕ್ಕಳಿಗೆ ಆತ ಅದನ್ನು ಜಿಂಕೆಮರಿಯದು ಎಂದು ಹೇಳುತ್ತಾನೆ. ಅದು ಯಾವುದೋ ಕಾಲದ ಒಂದು ಮಗುವಿನ ಮುಂಗೈ ಮೂಳೆ. ಈ ವರ್ಷ ಆ ಮೂಳೆಯ ಅಳತೆಯೂ ಪುಟ್ಟಿಯ ಮುಂಗೈ ಅಳತೆಯೂ ಒಂದೇ ಆಗಿದೆ. ಪುಟ್ಟಿಯ ಕೈ ಇನ್ನೊಂದು ಬೆರಳಿನಷ್ಟು ಬೆಳೆದುಬಿಟ್ಟರೆ, ಮೂಳೆತಾತ ಚಿಲಕ ಹಾಕುವುದನ್ನು ಮರೆತರೂ ಮರೆತಾನು.