ಗಂಟೆ ಊರಿನ ಹೊಳೆಯಲ್ಲಿ ಮುಳುಗಿ ಬಂದ ಜಡೆಮ್ಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸಿರುಗುಪ್ಪದ ಹೊರಗೆ, ತುಂಗಭದ್ರೆಯ ದಂಡೆಯಲ್ಲಿ, ಜಡೆಮ್ಮ ಬೋರಲು ಹಾಕಿದ ಹರಿಗೋಲಿನ ಬೆನ್ನ ಮೇಲೆ ಅಂಗೈ ಒತ್ತುತ್ತಾ ಸುತ್ತು ಬರುತ್ತಿದ್ದಾರೆ. ಮೊನ್ನೆ ಬಳಿದ ಡಾಂಬರು ಹಿಡಿದಿದೆಯೇ, ಎಲ್ಲಾದರೂ ಕೂದಲೆಳೆಯಷ್ಟು ಬಿರಿದಿದೆಯೇ ಎಂದು ನೋಡುತ್ತಿದ್ದಾರೆ. ನೋಡುವುದು ಕಣ್ಣಿನಿಂದಲ್ಲ, ಕೈಯಿಂದ. ಪಕ್ಕದಲ್ಲಿ ಗಂಡ ಎರ್ರಣ್ಣ ಬೀಡಿ ಕಚ್ಚಿಕೊಂಡು ಹುಟ್ಟಿಗೆ ಹಗ್ಗ ಬಿಗಿಯುತ್ತಿದ್ದಾರೆ. ಅವರಿಗೆ ಕಿವಿ ಮಂದ. ಹಾಗಾಗಿ ಜಡೆಮ್ಮ ಗಂಡನೊಂದಿಗೆ ಗುಟ್ಟು ಮಾತಾಡಿದರೂ ಆಚೆ ದಂಡೆಯವರಿಗೆ ಕೇಳಿಸುತ್ತದೆ ಎಂದು ಊರಲ್ಲಿ ನಗೆಯಾಡುತ್ತಾರೆ.

ಇವತ್ತು ರೇಣುಕಾ ಬರುವ ದಿನ. ಈಕೆ ಭತ್ತದ ನಾಟಿಗೆ ಹೋಗುವ ಹೆಂಗಸರ ಗುಂಪಿನ ಮುಂದಾಳು. ಗದ್ದೆಗಳಿರುವುದು ಹೊಳೆಯಾಚೆ. ಸೇತುವೆ ಸುತ್ತಿಕೊಂಡು ಹೋದರೆ ಅರ್ಧ ಬೆಳಗು ದಾರಿಯಲ್ಲೇ ಕಳೆಯುತ್ತದೆ. ಹೋದ ವರ್ಷದವರೆಗೂ ಈ ಹೆಂಗಸರು ಬುತ್ತಿಗಂಟು ಹಿಡಿದು ನಿದ್ದೆಗಣ್ಣಲ್ಲೇ ಜಡೆಮ್ಮನ ಹರಿಗೋಲು ಹತ್ತುತ್ತಿದ್ದರು. ಈ ಸಲ ನಾಟಿ ಶುರುವಾದಾಗಿನಿಂದ ಸೇತುವೆ ಸುತ್ತುತ್ತಿದ್ದಾರೆ. ಹೊಸ ಹರಿಗೋಲನ್ನು ಕಣ್ಣಾರೆ ನೋಡಿ, ಹತ್ತುವುದೋ ಬಿಡುವುದೋ ಹೇಳುತ್ತೇನೆ ಎಂದು ರೇಣುಕಾ ಹೇಳಿಕಳಿಸಿದ್ದಾರೆ. ಅವರು ಬೇಡವೆಂದರೆ ಈ ದಂಡೆಯಲ್ಲಿ ಬೇರೆ ಯಾರೂ ಹತ್ತುವುದಿಲ್ಲ. ಅದು ಜಡೆಮ್ಮನಿಗೂ ಗೊತ್ತು. ‘ಕೈ ಹೆಣೀತೈತಿ, ಹೆಸರು ತೇಲಿಸ್ತೈತ್ರಿ. ಹೆಸರು ಹೋತಂದ್ರ ಇದು ಬರೇ ಬುಟ್ಟಿ’ ಎನ್ನುತ್ತಾರೆ.

ಎಲ್ಲಕ್ಕೂ ಕಾರಣ ಹಾಲೆಂಡಿನಿಂದ ಬಂದ ಒಂದು ವಿಡಿಯೋ.

ಜಡೆಮ್ಮ ಹುಟ್ಟಾ ಹೊಳೆಯವರಲ್ಲ. ತವರು ಕುರುಗೋಡು. ಬಂಡೆಗುಡ್ಡ ನೋಡುತ್ತ ಬೆಳೆದವರು. ಮದುವೆಯಾಗಿ ಬಂದ ಹೊಸದರಲ್ಲಿ ನೀರಿಗೆ ಕಾಲಿಡಲು ಅಳುತ್ತಿದ್ದರಂತೆ. ಅತ್ತೆ ಬೈಯಲಿಲ್ಲ, ಬಿದಿರಿನ ದಬ್ಬೆ ಕೈಗೆ ಕೊಟ್ಟು ದಂಡೆಯಲ್ಲಿ ಕೂರಿಸಿದರು. ದಬ್ಬೆಗಳನ್ನು ನೆಲದ ಮೇಲೆ ಚಾಪೆಯಂತೆ ಹೆಣೆದು, ನಡುವೆ ಕಲ್ಲು ಹೇರಿ, ಅಂಚು ಮೇಲೆತ್ತಿ ಬಟ್ಟಲು ಮಾಡಬೇಕು. ಹಿಂದೆ ಅದರ ಹೊರಮೈಗೆ ಚರ್ಮ ಹೊಲಿಯುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ ಸುತ್ತಿ ಡಾಂಬರು ಬಳಿಯುತ್ತಾರೆ. ತೆಲುಗಿನ ಸಹವಾಸದಿಂದ ಇಲ್ಲಿಯವರು ಹರಿಗೋಲನ್ನು ‘ಪುಟ್ಟಿ’ ಅನ್ನುವುದೇ ಹೆಚ್ಚು. ಒಂದು ಪುಟ್ಟಿಗೆ ಹತ್ತು ಹನ್ನೆರಡು ಬಿದಿರು ಬೇಕು, ಮಳೆ ಕಾಡದಿದ್ದರೆ ವಾರದ ಕೆಲಸ. ಜಡೆಮ್ಮ ಇಲ್ಲಿಯವರೆಗೆ ಎಷ್ಟು ಹೆಣೆದಿದ್ದಾರೋ ಲೆಕ್ಕವಿಟ್ಟಿಲ್ಲ. ಈಜು ಮಾತ್ರ ಇವತ್ತಿಗೂ ಬರುವುದಿಲ್ಲ. ‘ಈಜು ಬಂದಿದ್ರ ಇಷ್ಟು ಬಿಗೀ ಹೆಣೀತಿದ್ದಿಲ್ಲೇನೋ’ ಎಂದು ನಗುತ್ತಾರೆ.

ಈ ಮನೆಯಲ್ಲೊಂದು ಪದ್ಧತಿ ಇದೆ. ಹೊಸ ಪುಟ್ಟಿ ನೀರಿಗಿಳಿದಾಗ ಹೆಣೆದವರೇ ಮೊದಲು ಕೂರಬೇಕು, ಒಬ್ಬರೇ. ಹೊಳೆಯ ನಡುವಿಗೆ ಹೋಗಿ, ತಿರುಗಿಸಿ, ದಂಡೆಗೆ ಬಂದ ಮೇಲೆಯೇ ಇನ್ನೊಬ್ಬರ ಕಾಲು ಅದರೊಳಗೆ ಬೀಳಬೇಕು. ಕೂರುವವರು ಗೌಡರಿರಲಿ, ಸಾಹೇಬರಿರಲಿ, ಸ್ವಂತ ಗಂಡನಿರಲಿ, ವಿನಾಯಿತಿ ಇಲ್ಲ. ಅತ್ತೆ ಹಾಗೆ ಮಾಡುತ್ತಿದ್ದರು, ಇವರೂ ಹಾಗೇ ಮಾಡುತ್ತಾರೆ.

ಹಾಲೆಂಡಿನ ದಾರಿ ತೆರೆದದ್ದು ಬಳ್ಳಾರಿಯ ಜೀನ್ಸಿನಿಂದ. ಅಲ್ಲಿ ಸಂಗಮೇಶ್ ಎಂಬುವರದು ಪ್ಯಾಂಟು ಹೊಲಿಯುವ ಘಟಕ. ಬಟ್ಟೆ ಕೊಳ್ಳಲು ಬಂದ ಡಚ್ ವ್ಯಾಪಾರಿಯೊಬ್ಬನನ್ನು ಅವರು ಹೊಳೆ ತೋರಿಸಲು ಇಲ್ಲಿಗೆ ಕರೆತಂದರು. ಆತ ಜಡೆಮ್ಮನ ಪುಟ್ಟಿಯಲ್ಲಿ ಕುಳಿತು, ಗಿರಗಿರ ತಿರುಗಿ, ಇಳಿಯಲೊಲ್ಲೆ ಎಂದನಂತೆ. ಅವನ ಊರೂ ಹೊಳೆಯ ದಂಡೆಯದ್ದೇ. ಅಲ್ಲಿ ಏಪ್ರಿಲ್‌ನಲ್ಲಿ ಹಳೆಯ ದೋಣಿಗಳ ಮೇಳ ನಡೆಯುತ್ತದೆ, ಈಕೆ ಬಂದು ಎಲ್ಲರೆದುರು ಒಂದು ಹೆಣೆಯಬೇಕು ಎಂದು ಹಟ ಹಿಡಿದ. ಹೀಗೆ ಈ ವರ್ಷ ಜಡೆಮ್ಮ, ಸೀರೆಯ ಮೇಲೊಂದು ಬಳ್ಳಾರಿ ಜೀನ್ಸಿನ ಜಾಕೀಟು ತೊಟ್ಟು, ಸಂಗಮೇಶರ ಜೊತೆ ವಿಮಾನ ಹತ್ತಿದರು.

ಆ ಊರಿನ ಹೆಸರು ಅವರ ನಾಲಿಗೆಗೆ ಕೂರುವುದಿಲ್ಲ. ಕಾಲು ಗಂಟೆಗೊಮ್ಮೆ ಗೋಪುರದ ಗಂಟೆಗಳೆಲ್ಲ ಸೇರಿ ಹಾಡು ನುಡಿಯುತ್ತವಂತೆ, ಅದಕ್ಕೇ ಅವರ ಬಾಯಲ್ಲಿ ಅದು ‘ಗಂಟಿ ಊರು’. ಸಣ್ಣ ಊರು. ಸುತ್ತ ಹಳೆಯ ಕೋಟೆಗೋಡೆ. ಇಟ್ಟಿಗೆಯ ಮನೆ, ಇಟ್ಟಿಗೆಯ ಬೀದಿ. ಕೆಲವು ಮನೆಗಳು ಮುಂದಕ್ಕೆ ವಾಲಿ ದಾರಿಹೋಕರನ್ನು ಮಾತಾಡಿಸುವ ಹಾಗೆ ನಿಂತಿವೆಯಂತೆ. ಕಿಟಕಿಗಳಿಗೆ ಪರದೆಯಿಲ್ಲ, ಊಟಕ್ಕೆ ಕೂತವರ ತಟ್ಟೆಯೂ ಬೀದಿಗೆ ಕಾಣುತ್ತದೆ. ‘ನಾ ನೋಡಬಾರದಂತ ತಲಿ ಬಗ್ಗಿಸ್ಕೊಂಡು ಹೊಂಟ್ರ, ಅವರ ಕರದು ಕೈ ಮಾಡ್ತಿದ್ರು’ ಎಂದರು. ಹೊಳೆಯ ಏರಿಯ ಮೇಲೆ ಕುರಿ ಮೇಯುವುದನ್ನು ಕಂಡಾಗ ಮಾತ್ರ ಜೀವಕ್ಕೆ ಸಮಾಧಾನವಾಯಿತಂತೆ.

ಅವರಿಗೆ ಎಲ್ಲಕ್ಕಿಂತ ಹಿಡಿಸಿದ್ದು ಹೊಳೆಯ ಕಡೆಗಿರುವ ಕೋಟೆ ಬಾಗಿಲು. ಅದರ ಗೋಡೆಯಲ್ಲಿ, ಯಾವ ವರ್ಷ ನೀರು ಎಲ್ಲಿಯವರೆಗೆ ಏರಿತ್ತು ಎಂದು ಗೆರೆ ಕೊರೆದಿದ್ದಾರೆ. ಒಂದು ಗೆರೆ ಜಡೆಮ್ಮನ ತಲೆಗಿಂತ ಮೇಲಿತ್ತು. ಬಾಗಿಲಿನ ಎರಡೂ ಮಗ್ಗುಲಲ್ಲಿ ಕಲ್ಲಿನ ಸೀಳು, ಮೂಲೆಯಲ್ಲಿ ದಪ್ಪ ಹಲಗೆಗಳ ರಾಶಿ. ನೀರು ಬಂದಾಗ ಹಲಗೆಗಳನ್ನು ಸೀಳಿಗೆ ಇಳಿಸಿ ಊರನ್ನೇ ಮುಚ್ಚಿಬಿಡುತ್ತಾರೆ. ಇದನ್ನು ಯಾರೂ ವಿವರಿಸಬೇಕಾಗಲಿಲ್ಲ. ‘ಅಲ್ಲಿ ಹೊಳಿ ಬಂತಂದ್ರ ಹಲಗಿ ಇಳಸ್ತಾರ. ಇಲ್ಲಿ ಡ್ಯಾಮಿನ ಗೇಟ್ ಎತ್ತಿದ್ರಂದ್ರ ನಾವು ಗಂಟುಮೂಟಿ ಎತ್ತತೀವಿ. ಹೆದರಿಕಿ ಅಂತೂ ಒಂದ ಐತ್ರಿ.’

ಆ ಬಾಗಿಲ ಮುಂದೆಯೇ ಅವರಿಗೆ ಹೆಣೆಯಲು ಜಾಗ ಕೊಟ್ಟರು. ಪಕ್ಕದಲ್ಲಿ ಯಾನ್ ಎಂಬ ಮುದುಕರೊಬ್ಬರು ಹೊಳೆಯ ಏರಿ ಕುಸಿಯದಂತೆ ನೀರಿನಡಿ ಹಾಸುವ ಬೆತ್ತದಂಥ ಕಡ್ಡಿಗಳ ಚಾಪೆ ಹೆಣೆಯುತ್ತಿದ್ದರು. ಜಡೆಮ್ಮ ಅವರನ್ನು ಯಾನಪ್ಪ ಎಂದೇ ಕರೆದರು, ಅವರು ಓ ಎಂದರು. ಭಾಷೆ ಬೇಕಾಗಲಿಲ್ಲವಂತೆ. ಒಬ್ಬರ ಗಂಟು ಇನ್ನೊಬ್ಬರು ಬಿಚ್ಚಿ ನೋಡಿ, ಮತ್ತೆ ಕಟ್ಟಿಕೊಟ್ಟು, ತಲೆಯಾಡಿಸುವುದು. ಹೆಣೆಯುವುದೇನೋ ಚೆನ್ನಾಗಿಯೇ ಮುಗಿಯಿತು. ಎಡವಟ್ಟಾದದ್ದು ಡಾಂಬರಿನಲ್ಲಿ.

ನಮ್ಮ ಕಡೆ ಡಾಂಬರಿಗೆ ಚಳಿಗಾಲದಲ್ಲಿ ಹೊಂಗೆಣ್ಣೆ ಬೆರೆಸುತ್ತಾರೆ, ಅದು ಮೆತ್ತಗಿರಲಿ ಎಂದು. ಬೇಸಿಗೆಯಲ್ಲಿ ಎಣ್ಣೆ ಹಾಕಿದರೆ ಬಿಸಿಲಿಗೆ ಕರಗಿ ಇಳಿದುಹೋಗುತ್ತದೆ, ಅದಕ್ಕೆ ಹನಿಯೂ ಹಾಕುವುದಿಲ್ಲ. ಅದು ಏಪ್ರಿಲ್ ತಿಂಗಳು. ಏಪ್ರಿಲ್ ಎಂದರೆ ಬೇಸಿಗೆ. ಜಡೆಮ್ಮ ಎಣ್ಣೆ ಹಾಕಲಿಲ್ಲ. ಜಾಕೀಟಿನ ಗುಂಡಿಗಳನ್ನೆಲ್ಲ ಬಿಗಿದುಕೊಂಡು, ಬಾಯಲ್ಲಿ ಹೊಗೆಯಂತೆ ಉಸಿರು ಬಿಡುತ್ತಲೇ, ಬೇಸಿಗೆಯ ಡಾಂಬರು ಬಳಿದರು. ಯಾನಪ್ಪ ಬೆರಳ ಗೆಣ್ಣಿನಿಂದ ಅದನ್ನು ತಟ್ಟಿ, ಬೇಡ ಬೇಡ ಎಂಬಂತೆ ಕೈಯಾಡಿಸಿ, ಮನೆಯಿಂದ ಕಂಬಳಿ ತಂದು ಹೊದಿಸಿದರು. ಬೆಳಿಗ್ಗೆ ಜಡೆಮ್ಮ ಕಂಬಳಿ ತೆಗೆದು ಮಡಚಿಟ್ಟರು. ಚಳಿ ಇದೆಯಮ್ಮಾ ಎಂದು ಸಂಗಮೇಶ್ ಹೇಳಿದ್ದಕ್ಕೆ, ‘ಯಪ್ಪಾ, ನಿನಗ ಚಳಿ ಆದ್ರ ಜಾಕೀಟ ಹಾಕ್ಕೋ, ಪುಟ್ಟಿಗೆ ಬಿಸಲು ಬೇಕು’ ಎಂದುಬಿಟ್ಟರಂತೆ.

ಮೇಳದ ದಿನ ಆ ಊರಿನ ಮೇಯರಮ್ಮ ಮೊದಲು ಕೂರುವುದೆಂದು ನಿಗದಿಯಾಗಿತ್ತು. ಅವರ ಹಿಂದೆ ಶಾಲೆಯ ಮಕ್ಕಳ ಸಾಲು. ಜಡೆಮ್ಮ ಅಡ್ಡ ನಿಂತರು. ಮೊದಲು ತಾನು, ಆಮೇಲೆ ಮಿಕ್ಕವರು. ಸಂಗಮೇಶ್ ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಕಿತ್ತಳೆ ಬಣ್ಣದ ತೇಲುಜಾಕೀಟು ತೊಡಿಸಿ ಒಬ್ಬರನ್ನೇ ಬಿಟ್ಟರು. ಎರಡು ಮಾರು ದೂರ ಹೋಗಿ ಪುಟ್ಟಿ ತಿರುಗಿಸಿದರು. ಅದರ ಮೈ ಬಳುಕಿದ ಕೂಡಲೇ ಚಳಿಗೆ ಸೆಟೆದಿದ್ದ ಡಾಂಬರು ಹಪ್ಪಳದ ಹಾಗೆ ಲಟಲಟ ಬಿರಿಯಿತು, ಅದರ ಜೊತೆ ಹಾಳೆಯೂ ಸೀಳಿತು. ಜನ ಚಪ್ಪಾಳೆ ತಟ್ಟುತ್ತಿರುವಾಗಲೇ ಜಡೆಮ್ಮ ನಿಧಾನಕ್ಕೆ, ಕೂತಲ್ಲೇ, ಹುಟ್ಟು ಬಿಡದೆ ಕೆಳಗಿಳಿದರು. ನೀರು ಎದೆಮಟ್ಟ ಅಷ್ಟೇ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನೀರಿಗಿಳಿದು ಅವರನ್ನು ಮೇಲೆ ತಂದದ್ದು ಯಾನಪ್ಪನೇ. ಯಾನಪ್ಪ ಅಂದೂ ಕಂಬಳಿ ಹೊದಿಸಿದರು, ಈ ಸಲ ಪುಟ್ಟಿಗಲ್ಲ.

ಅವರು ಮರಳುವ ಮೊದಲೇ ವಿಡಿಯೋ ಸಿರುಗುಪ್ಪ ತಲುಪಿತ್ತು. ಯಾರೋ ಹಿಡಿದದ್ದು, ಮುಳುಗುವಷ್ಟು ಹೊತ್ತಿನದು ಮಾತ್ರ. ಕುರುಗೋಡಿನಿಂದ ಟೆಂಪೋದಲ್ಲಿ ಬಿದಿರು ತಂದುಕೊಡುವ ತಮ್ಮ ದೊಡ್ಡಬಸಪ್ಪ ಅದನ್ನು ದಾರಿಯ ಎಲ್ಲ ಚಾದಂಗಡಿಯಲ್ಲೂ ತೋರಿಸಿಕೊಂಡು ಬಂದಿದ್ದರು. ಅಕ್ಕ ಬಂದ ದಿನ, ‘ಏನಕ್ಕ, ಹಾಲೆಂಡ್ ಹೊಳಿ ನೀರು ಹೆಂಗೈತಿ, ಸಿಹಿ ಏನು?’ ಎಂದು ಕೇಳಿದರು. ಎರ್ರಣ್ಣ ಮಾತ್ರ ನಗಲಿಲ್ಲ. ಕಾಲು ನೆಲಕ್ಕೆ ಹತ್ತಿತೇ ಎಂದಷ್ಟೇ ಕೇಳಿದರು. ತಮ್ಮ ಮಾಡಿದ ತಮಾಷೆ ಊರಲ್ಲಿ ತಮಾಷೆಯಾಗಿ ಉಳಿಯಲಿಲ್ಲ. ‘ಹಾಲೆಂಡಿನಾಗ ಮುಳುಗಿದಾಕಿ’ ಎಂಬ ಹೆಸರು ಅಂಟಿಕೊಂಡಿತು. ಹಳಬರೂ ಹತ್ತುವ ಮುನ್ನ ತಳ ಮುಟ್ಟಿ ನೋಡತೊಡಗಿದರು.

ಏಳರ ಹೊತ್ತಿಗೆ ಹೆಂಗಸರು ಬರುತ್ತಾರೆ. ಆಂಧ್ರದ ಗಡಿಯ ಕಡೆಯಿಂದ ಬಂದ ಹೊಸಬಳೊಬ್ಬಳು ಪುಟ್ಟಿಯನ್ನೇ ದಿಟ್ಟಿಸಿ, ‘ಇದಿ ಮುನುಗುತುಂದಾ?’ ಎನ್ನುತ್ತಾಳೆ. ಮುಳುಗುತ್ತದೆಯೇ ಎಂದು ಆಕೆಯ ತೆಲುಗಿನ ಪ್ರಶ್ನೆ. ಜಡೆಮ್ಮ ಪುಟ್ಟಿಯನ್ನು ನೀರಿಗೆ ತಳ್ಳಿ, ಒಬ್ಬರೇ ಕೂತು, ನಡು ಹೊಳೆಗೆ ಹೋಗುತ್ತಾರೆ. ಸೆಳವಿರುವಲ್ಲಿ ಬೇಕೆಂದೇ ಮೂರ್ನಾಲ್ಕು ಸುತ್ತು ತಿರುಗಿಸಿ ದಂಡೆಗೆ ಬರುತ್ತಾರೆ. ರೇಣುಕಾ ಬಗ್ಗಿ ಒಳಗಿನ ತಳಕ್ಕೆ ಕೈ ಆಡಿಸುತ್ತಾರೆ. ಒಣಗಿದೆ. ಆದರೂ ಹತ್ತುವುದಿಲ್ಲ.

‘ಅಕ್ಕ, ಒಂದು ಕೇಳ್ತೀನಿ. ಆ ವಿಡಿಯೋದಾಗ ನಿನ್ನ ಜೋಡಿ ಪುಟ್ಟ್ಯಾಗ ಯಾರಿದ್ರು?’

‘ಯಾರೂ ಇದ್ದಿಲ್ಲ.’

‘ಮಂದಿ ಅಷ್ಟು ನೆರದಿತ್ತು?’

‘ಇನ್ನಾ ಯಾರನ್ನೂ ಹತ್ತಿಸಿದ್ದಿಲ್ಲ. ಸಾಲಿ ಹುಡುಗರು ಹತ್ತಾಕ ನಿಂತಿದ್ವು. ನಾ ಬಂದ ಮ್ಯಾಲ ಅಂದಿದ್ದೆ.’

ರೇಣುಕಾ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಹತ್ತಿ ಕೂರುತ್ತಾರೆ. ಉಳಿದವರು ಅವರ ಹಿಂದೆ. ಯಾರು ಎಲ್ಲಿ ಕೂರಬೇಕೆಂದು ಜಡೆಮ್ಮ ಜಾಗ ತೋರಿಸುತ್ತಾರೆ. ತೂಕ ಹೆಚ್ಚಿರುವಾಕೆಯನ್ನು ನಡುವಿಗೆ ಸರಿಯಲು ಹೇಳಿದಾಗ ನಗು ಏಳುತ್ತದೆ. ತೆಲುಗಿನವಳು ಕಣ್ಣು ಮುಚ್ಚಿ ಕೂರುತ್ತಾಳೆ.

ಅವರನ್ನು ಆಚೆ ಇಳಿಸಿ ಜಡೆಮ್ಮ ಹೊಳೆಯ ಅರ್ಧಕ್ಕೆ ಬಂದಿರುವಾಗ ರೇಣುಕಾ ಗದ್ದೆಯ ಬದುವಿನಿಂದ ಕೂಗಿ ಏನೋ ಹೇಳುತ್ತಾರೆ. ಜಡೆಮ್ಮನ ಕಥೆ ಬರೆದುಕೊಳ್ಳಲು ಬಂದು ಈ ದಂಡೆಯಲ್ಲಿದ್ದ ನನಗೆ ಅದು ಸರಿಯಾಗಿ ಕೇಳಿಸುವುದಿಲ್ಲ. ಪುಟ್ಟಿ ದಡ ಮುಟ್ಟುತ್ತದೆ. ನಾನು ಏನೇನೋ ಕೇಳಬೇಕೆಂದಿದ್ದೆ, ಇನ್ನು ಮುಂದಿನ ಆಸೆ ಏನು ಎಂತೆಲ್ಲ. ಜಡೆಮ್ಮ ನನ್ನ ಕಡೆ ನೋಡುವುದೇ ಇಲ್ಲ. ನೇರ ಗಂಡನ ಹತ್ತಿರ ಹೋಗಿ, ಕಿವಿಗೆ ಬಾಯಿಟ್ಟು ಹೇಳುತ್ತಾರೆ:

‘ಸಂಜಿಗೂ ನೀನ ಬಾ ಅಂದ್ಲು.’

ಎರ್ರಣ್ಣ ತಲೆಯಾಡಿಸುತ್ತಾರೆ. ಮೊದಲ ಸಲಕ್ಕೇ ಕೇಳಿಸಿದೆ ಎಂದು ಮುಖ ನೋಡಿದರೆ ಗೊತ್ತಾಗುತ್ತದೆ. ಆದರೂ ಜಡೆಮ್ಮ ಇನ್ನೊಮ್ಮೆ, ಈ ಸಲ ಎರಡೂ ದಂಡೆಗೆ ಕೇಳುವ ಹಾಗೆ, ಹೇಳುತ್ತಾರೆ:

‘ಸಂಜಿಗೂ ಬಾ ಅಂದ್ಲು!’