ಯಜಮಾನರ ಕತ್ತಿಗೆ ಕೈಹಚ್ಚಿದ ಹೊಳಪಣ್ಣ

ಬೆಳಗಿನ ಐದೂಕಾಲು. ಹಾಲಿನವನ ಸೈಕಲ್ಲು ಬಿಟ್ಟರೆ ಬೀದಿಯಲ್ಲಿ ಮತ್ತೊಂದು ಸದ್ದಿಲ್ಲ. ಕ್ಷೌರದಂಗಡಿಯ ಹಿಂಬದಿಯ ಕೋಣೆಯಲ್ಲಿ ಹೊಳಪಣ್ಣ ಆಗಲೇ ಕೆಲಸಕ್ಕೆ ಕೂತಾಗಿದೆ. ಮುಂದೆ ಒಂದು ಮಗ್ಗು ನೀರು, ಅಂಗೈಯಗಲದ ಎಮರಿ ಪೇಪರ್ ತುಂಡುಗಳು, ಮರದ ಹಲಗೆಯ ಮೇಲೆ ಮಲಗಿಸಿದ ಹಳೆಯ ಕ್ಷೌರದ ಕತ್ತಿ. ಬಾಟಲಿಯ ಬಿರಡೆಗೆ ಪೇಪರ್ ಸುತ್ತಿ, ನೀರಲ್ಲಿ ಅದ್ದಿ, ಕತ್ತಿಯ ಬೆನ್ನಿನಿಂದ ಅಲಗಿನ ಕಡೆಗೆ ಉಜ್ಜುತ್ತಾರೆ. ಒಮ್ಮೆಯೂ ಅಲಗಿನಿಂದ ವಾಪಸ್ ಎಳೆಯುವುದಿಲ್ಲ. ಎಳೆದರೆ ಬೆರಳು ಹೋಗುತ್ತದೆ.

ಐವತ್ತೆಂಟರ ಈ ಕ್ಷೌರಿಕರಿಗೆ ಹೊಳಪಣ್ಣ ಎಂದು ಹೆಸರಿಟ್ಟವರು ಬೀದಿಯ ಜನ. ತುಕ್ಕು ಹಿಡಿದು ಅಟ್ಟ ಸೇರಿದ್ದ ಅಜ್ಜಂದಿರ ಕತ್ತಿಗಳನ್ನು ಇವರ ಬಳಿ ತರುತ್ತಾರೆ, ಮುಖ ನೋಡಿಕೊಳ್ಳುವಷ್ಟು ಮಿಂಚಿಸಿಕೊಂಡು ಒಯ್ಯುತ್ತಾರೆ. ಒಂದು ಕತ್ತಿಗೆ ನಾಲ್ಕು ಬೆಳಗು. ಒರಟು ಪೇಪರಿನಿಂದ ನಯದ ಪೇಪರಿನವರೆಗೆ ಆರು ಬಗೆ. ಒಂದರ ಗೀರು ಪೂರ್ತಿ ಮಾಯವಾಗದೆ ಮುಂದಿನದನ್ನು ಮುಟ್ಟುವಂತಿಲ್ಲ. ಆಮೇಲೆ ಪಾಲಿಶ್ ಬಟ್ಟೆ, ಸಾಣೆಕಲ್ಲು, ಚರ್ಮದ ಪಟ್ಟಿ. ಎಂಟಕ್ಕೆ ಅಂಗಡಿ ತೆರೆದರೆ ಇಡೀ ದಿನ ಊರಿನವರ ತಲೆ. ಇವರ ಬಗ್ಗೆ ಬರೆಯಲೆಂದು ಬಂದು ಕೂತಿರುವ, ಎರಡು ಸಲ ಬಳಸಿ ಬ್ಲೇಡು ಬಿಸಾಡುವ ನನ್ನಂಥವನಿಗೆ ಈ ತಾಳ್ಮೆ ನೋಡಿಯೇ ಸುಸ್ತು. "ಊರವರ ಕತ್ತಿಯೆಲ್ಲ ಫಳಫಳ, ನಮ್ಮನೆ ಚಾಕುಗೆ ಮಾತ್ರ ಟೊಮೇಟೊನೂ ಹೆದರಲ್ಲ" ಎಂದು ಅವರ ಹೆಂಡತಿ ಒಳಗಿನಿಂದಲೇ ಚುಚ್ಚುತ್ತಾರೆ. ಹೊಳಪಣ್ಣ ಪೇಪರನ್ನು ಮತ್ತೆ ನೀರಲ್ಲಿ ಅದ್ದುತ್ತಾರೆ.

ಈ ವಾರ ಹಲಗೆಯ ಮೇಲಿರುವುದು ಯಜಮಾನರ ಕತ್ತಿ. ಯಜಮಾನರೆಂದರೆ ಇವರಿಗೆ ಕಸುಬು ಕಲಿಸಿದವರು, ಈ ಅಂಗಡಿಯ ಹಳೆಯ ಒಡೆಯರು. ಈಗ ಎಂಬತ್ತಾರು ವರ್ಷ, ಕಣ್ಣು ಪೂರ್ತಿ ಹೋಗಿದೆ, ಎರಡು ಬೀದಿಯಾಚೆ ಮಗಳ ಜೊತೆ ಇದ್ದಾರೆ. ಅವರ ಬಳಿ ಒಂದು ಜೋಡಿ ಕತ್ತಿಯಿತ್ತು. ಮೂವತ್ತೈದು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಹೊಸತರಲ್ಲಿ, ಯಜಮಾನರನ್ನು ಮೆಚ್ಚಿಸಲು ಹೋಗಿ ಹೊಳಪಣ್ಣ ಜೋಡಿಯಲ್ಲೊಂದನ್ನು ಪಕ್ಕದ ಗ್ಯಾರೇಜಿನ ಮೋಟಾರ್ ಚಕ್ರಕ್ಕೆ ಹಿಡಿದರು. ಮಿಂಚಿತು, ನಿಜ. ಆದರೆ ಕತ್ತಿ ಕಾದು ಅಲಗು ನೀಲಿಗಟ್ಟಿತು. ಉಕ್ಕಿನ ಹದ ಹೋದ ಮೇಲೆ ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

"ಬೈದಿದ್ರೆ ಅತ್ತು ಮರೀತಿದ್ದೆ ಸಾರ್. ಬೈಲಿಲ್ಲ. ಮಾರನೇ ದಿನ ಎಂದಿನ ಹಾಗೆ ಬಾಚಣಿಗೆ, ಕತ್ತರಿ ಕೈಗೆ ಕೊಟ್ರು. ಅವತ್ತು ಓಡಿಸಿದ್ರೆ ನಾನೆಲ್ಲಿರ್ತಿದ್ದೆ? ನಾ ತಿನ್ನೋ ಅನ್ನ ಅವ್ರದ್ದು."

ಆದರೆ ಉಳಿದ ಕತ್ತಿಯನ್ನು ಮಾತ್ರ ಮುಟ್ಟಗೊಡಲಿಲ್ಲ. ಅಂಗಡಿಯನ್ನೇ ಇವರ ಕೈಗೊಪ್ಪಿಸಿ ಹೋಗುವಾಗಲೂ ಅದೊಂದನ್ನು ಜೇಬಿಗೆ ಹಾಕಿಕೊಂಡು ಹೋದರಂತೆ. ಹೋದ ವಾರ ಮಗಳು ಅದನ್ನು ತಂದು, ಅಪ್ಪನೇ ಕಳಿಸಿದ್ದು ಎಂದಾಗ ಹೊಳಪಣ್ಣನಿಗೆ ಎರಡು ದಿನ ಪೊಟ್ಟಣ ಬಿಚ್ಚುವ ಧೈರ್ಯವೇ ಬರಲಿಲ್ಲ.

ತುಕ್ಕೆಲ್ಲ ಹೋಗಿದೆ. ಅಲಗಿನ ಅಂಚಿನ ಹತ್ತಿರ ಸಾಸಿವೆಯಷ್ಟು ಗುಳಿಯೊಂದು ಉಳಿದಿದೆ. ಅದು ಹೋಗುವವರೆಗೂ ಉಜ್ಜಿದರೆ ಉಕ್ಕು ತೆಳ್ಳಗಾಗಿ ಅಂಚು ಮುರಿಯಬಹುದು. ಬಿಟ್ಟರೆ ಯಜಮಾನರ ಬೆರಳಿಗೆ ಸಿಕ್ಕೇ ಸಿಗುತ್ತದೆ. ನಾಲ್ಕು ಸಲ ಪೇಪರನ್ನು ಅಲ್ಲಿಗೆ ಒಯ್ದು ನಾಲ್ಕು ಸಲವೂ ಕೈ ಹಿಂತೆಗೆಯುತ್ತಾರೆ. ಕೊನೆಗೆ ಪೇಪರ್ ಕೆಳಗಿಟ್ಟು ಬಟ್ಟೆ ಎತ್ತಿಕೊಳ್ಳುತ್ತಾರೆ. "ಇರ್ಲಿ ಬಿಡಿ, ಬೈಸ್ಕೋತೀನಿ."

ಮಾರನೆಯ ಬೆಳಿಗ್ಗೆ, ಸೋಮವಾರ, ನಾನೂ ಅವರ ಬೆನ್ನು ಹತ್ತಿ ಯಜಮಾನರ ಮನೆಗೆ ಹೋಗುತ್ತೇನೆ. ಯಜಮಾನರು ಕಿಟಕಿಯ ಪಕ್ಕ ಕುರ್ಚಿಯಲ್ಲಿದ್ದಾರೆ. ನಾಲ್ಕು ಬೆಳಗಿನ ಹೊಳಪು ಅವರಿಗೆ ಕಾಣುವಂತಿಲ್ಲ. ಅದೇನಿದ್ದರೂ ನನಗೆ ಮತ್ತು ಅವರ ಮಗಳಿಗೆ. ಹೊಳಪಣ್ಣ ಕತ್ತಿಯನ್ನು ಕೈಗಿತ್ತಾಗ ಯಜಮಾನರು ಹೆಬ್ಬೆರಳಿನ ಉಗುರನ್ನು ಅದರುದ್ದಕ್ಕೂ ನಿಧಾನವಾಗಿ ಓಡಿಸುತ್ತಾರೆ. ಗುಳಿಯ ಬಳಿ ಉಗುರು ನಿಲ್ಲುತ್ತದೆ.

"ಇದನ್ಯಾಕೆ ಬಿಟ್ಟೆ?"

"ತೆಗೆದಿದ್ರೆ ಕತ್ತಿ ಉಳೀತಿರ್ಲಿಲ್ಲ ಯಜಮಾನ್ರೇ."

ಯಜಮಾನರು ಉಗುರನ್ನು ಗುಳಿಯ ಮೇಲೆ ಇನ್ನೊಮ್ಮೆ ಓಡಿಸುತ್ತಾರೆ. ಆಮೇಲೆ ಮಗಳಿಗೆ ಬಿಸಿನೀರು, ಸೋಪು ತರಲು ಹೇಳುತ್ತಾರೆ. ಕತ್ತಿಯನ್ನು ಹೊಳಪಣ್ಣನ ಕೈಯಲ್ಲಿಟ್ಟು, ತಲೆಯನ್ನು ಹಿಂದಕ್ಕೆ ಒರಗಿಸಿ, ಗಂಟಲು ಒಡ್ಡುತ್ತಾರೆ.

ಒಬ್ಬ ಮನುಷ್ಯ ಅಳುತ್ತಾ ಇನ್ನೊಬ್ಬರ ಗಡ್ಡ ಹೆರೆಯುವುದನ್ನು ನಾನು ಈ ಮೊದಲು ಕಂಡಿರಲಿಲ್ಲ. ಕೈ ಮಾತ್ರ ಒಂಚೂರೂ ಅಲುಗುವುದಿಲ್ಲ. ಯಜಮಾನರು ಕೆನ್ನೆ ಸವರಿಕೊಂಡು, ಚೆನ್ನಾಗಿದೆ ಎಂದೂ ಹೇಳುವುದಿಲ್ಲ, ಇಲ್ಲವೆಂದೂ ಹೇಳುವುದಿಲ್ಲ. ಹೊಳಪಣ್ಣನನ್ನು ಹತ್ತಿರ ಕರೆದು ಕಿವಿಯಲ್ಲಿ ಏನೋ ಅನ್ನುತ್ತಾರೆ, ಅಷ್ಟೆ.

ವಾಪಸ್ ಬರುವಾಗ ದಾರಿಯಲ್ಲಿ, ಇಷ್ಟು ವರ್ಷದ ದುಡಿಮೆಗೆ ಇನ್ನೇನು ಸಿಗಬೇಕಿತ್ತು ಅನ್ನಿಸುತ್ತೆ ಎಂದು ಕೇಳುತ್ತೇನೆ. ಅವರು ನಡೆಯುತ್ತಲೇ ಮುಖ ಒರೆಸಿಕೊಳ್ಳುತ್ತಾರೆ.

"ಇನ್ನೇನು ಬೇಕು ಸಾರ್? ಗುರುವಾರಕ್ಕೆ ಗಡ್ಡ ಮತ್ತೆ ಬಂದಿರುತ್ತೆ, ಬಾ ಅಂದಿದಾರೆ."