ಅಕ್ಕ ಕೊಟ್ಟ ಸೆಣಬಿನ ಬೀಜ

ನನ್ನ ಓರಗಿತ್ತಿಯ ನೆತ್ತಿಯ ಮೇಲೆ ಕಾಸಗಲ ಜಾಗದಲ್ಲಿ ಕೂದಲಿರಲಿಲ್ಲ. ಹೊಂಗೆ ಸೊಪ್ಪಿನ ಹೊರೆ ಹೊತ್ತು ಹೊತ್ತು ಸವೆದುಹೋಗಿತ್ತು. ಎಣ್ಣೆ ಹಚ್ಚಿದ ದಿನ ಮಿರಮಿರ ಮಿಂಚುತ್ತಿತ್ತು. ನನ್ನ ಜಡೆ ಸೊಂಟದಿಂದ ಕೆಳಗಿತ್ತು. ಅವಳು ಬಗ್ಗಿ ಕಸ ಗುಡಿಸುವಾಗ ಆ ಬೋಳು ಕಂಡರೆ ನನಗೆ ಒಳಗೊಳಗೇ ಸಮಾಧಾನ. ಅದೊಂದರಲ್ಲಾದರೂ ನಾನು ಮೇಲಾಗಿದ್ದೆ.

ಗಂಡನ ಅಣ್ಣನ ಹೆಂಡತಿ, ನಾನು ಅಕ್ಕ ಎನ್ನುತ್ತಿದ್ದೆ. ಅವಳ ತವರು ರಾಮನಾಥಪುರದ ಕಡೆ, ನಾಲೆ ನೀರಿನ ಗದ್ದೆಗಳ ಊರು. ನನ್ನದು ಚನ್ನರಾಯಪಟ್ಟಣದ ಕಡೆ, ರಾಗಿ ಹುರುಳಿಯ ಹೊಲ. ಇಬ್ಬರೂ ಬಂದು ಸೇರಿದ್ದು ಹೊಳೆನರಸೀಪುರದ ಹತ್ತಿರದ ಒಂದೇ ಮನೆಗೆ. ಮನೆ ಪಾಲಾದಾಗ ನಮ್ಮಲ್ಲಿನ ಪದ್ಧತಿಯಂತೆ ಭಾವ ಪಾಲು ಮಾಡಿದರು, ಕಿರಿಯರಾದ ನಮ್ಮವರು ಮೊದಲು ಆರಿಸಿಕೊಂಡರು. ಒಂದು ಗದ್ದೆಯ ಬದುವಿನ ಮೇಲೆ ಏಳು ಹೊಂಗೆ ಮರ, ಇನ್ನೊಂದು ಬಟ್ಟಬಯಲು.

"ಮರದ ನೆಳ್ಳಲ್ಲಿ ಭತ್ತ ಜೊಳ್ಳಾಯ್ತದೆ, ಬಯಲ್ನೇ ಇಸ್ಕಳಿ" ಎಂದು ಗಂಡನ ಕಿವಿಯಲ್ಲಿ ಉಸುರಿದವಳು ನಾನೇ. ಗೆದ್ದೆನೆಂದು ಬೀಗಿದೆ.

ಎರಡು ವರ್ಷ ಎರಡು ಗದ್ದೆಯೂ ಸಮ ಸಮ. ಆಮೇಲೆ ನಮ್ಮ ಪೈರು ಹಳದಿಗೆ ತಿರುಗಿತು, ಅಕ್ಕನದು ಕಪ್ಪು ಹಸಿರು. ನಾಟಿಗೆ ಮುಂಚೆ ಅವಳು ಹೊಂಗೆ ರೆಂಬೆ ಸವರಿ, ಸೊಪ್ಪನ್ನು ಕೆಸರಿಗೆ ತುಳಿಯುತ್ತಿದ್ದಳು. "ಬೇರು ಕೆಳಗ್ಲಿಂದ ಎತ್ಕಂಡ್ ಬಂದಿದ್ನ ಎಲೆ ಮೇಲಕ್ ಆಕ್ತದೆ. ಗದ್ದೇದು ಗದ್ದೆಗೇ ಓಗ್ಬೇಕು ಕಣಮ್ಮಿ" ಎನ್ನುತ್ತಿದ್ದಳು. ಅವಳ ಕಣಜ ತುಂಬುವುದನ್ನು ನೋಡಿ ನನಗೆ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತಿತ್ತು.

ಯುದ್ಧದ ವರ್ಷಗಳಲ್ಲಿ ಒಂದು ಬೇಸಿಗೆಯ ಮಳೆ ಬಿದ್ದಾಗ ಅವಳೇ ಒಂದು ಮೊರ ಸೆಣಬಿನ ಬೀಜ ತಂದಳು. ನಾರಿಗಲ್ಲ, ಹೂ ಬಿಡುವ ಹೊತ್ತಿಗೆ ಗದ್ದೆಯಲ್ಲೇ ಉತ್ತು ಕೊಳೆಸುವುದಕ್ಕೆ. "ನಿಂಗೆ ಮರ ಇಲ್ವಲ್ಲ, ಇದ್ನ ಚೆಲ್ಲು" ಎಂದಳು. ಆ ಮಾತು ನನಗೆ ಚುಚ್ಚಿತು. ಆದರೂ ಚೆಲ್ಲಿದೆ.

ಸೆಣಬು ಎದೆಯುದ್ದ ಬೆಳೆದಾಗ ಒಂದು ಗಿಡ ಕಾಲಿಗೆ ಸಿಕ್ಕಿ ಬುಡಸಮೇತ ಕಿತ್ತುಬಂತು. ಬೇರಿನ ತುಂಬ ಗಂಟು, ಸಾಸಿವೆಯಷ್ಟು, ಕೆಲವು ಮೆಣಸಿನ ಕಾಳಿನಷ್ಟು. ನಮ್ಮ ಕಡೆ ಹುರುಳಿ ಒಣಗಿದ ಮೇಲೇ ಕೀಳುತ್ತಿದ್ದುದು. ಅದರ ಹಸಿ ಬೇರಿನಲ್ಲೂ ಇಂಥ ಗಂಟಿರುವುದನ್ನು ನಾನು ಕಂಡವಳಲ್ಲ. ಇನ್ನೊಂದು ಗಿಡ ಕಿತ್ತೆ, ಅದರಲ್ಲೂ ಗಂಟು. ರೋಗದ ಬೀಜ ಕೊಟ್ಟಿದ್ದಾಳೆ ಎಂದುಕೊಂಡೆ. ನಿಜ ಹೇಳಬೇಕೆಂದರೆ, ಹಾಗೆ ಅಂದುಕೊಳ್ಳುವುದು ನನಗೆ ಬೇಕಾಗಿತ್ತು.

ಎರಡು ದಿನ ಇಡೀ ಗದ್ದೆಯ ಸೆಣಬು ಕಿತ್ತು ಬದುವಿನಾಚೆ ಒಟ್ಟಿದೆ. ಬಾವಿಯ ಹತ್ತಿರ ಹೆಂಗಸರಿಗೆಲ್ಲ ಹೇಳಿದೆ: "ಅಕ್ಕನ್ ಬೀಜ್ದಲ್ಲಿ ರೋಗ ಐತೆ. ಯಾರೂ ಇಸ್ಕಬ್ಯಾಡಿ."

ಮೂರನೆಯ ದಿನ ಅಕ್ಕ ಬಂದಳು. ರಾಶಿಯಿಂದ ಒಂದು ಗಿಡ ಎಳೆದು, ಬೇರಿನ ಗಂಟೊಂದನ್ನು ಉಗುರಿನಿಂದ ಸೀಳಿದಳು. ಒಳಗೆ ನಸುಗೆಂಪು.

"ರೋಗ ಅಲ್ಲ ಕಣಮ್ಮಿ, ಇದೇ ಗೊಬ್ರ. ಗಂಟು ಎಷ್ಟದೆ ಅಂತ ನಮ್ಮಪ್ಪ ನೋಡಿ ನೋಡಿ ಖುಸಿ ಪಡೋನು."

ಬೈಯಲಿಲ್ಲ. ಆ ವಾರವೇ ತನ್ನ ಮರಗಳ ಅರ್ಧ ಸೊಪ್ಪು ಸವರಿ ನನ್ನ ಗದ್ದೆಗೆ ಹೊತ್ತು ಹಾಕಿದಳು.

"ನಿಂಗೆ ಕಮ್ಮಿ ಆಗಕ್ಕಿಲ್ವಾ ಅಕ್ಕ?"

"ಆಯ್ತದೆ. ಆಗ್ಲಿ ಬುಡು."

ಆ ವರ್ಷ ಅವಳ ಗದ್ದೆಯ ಒಂದು ಮಗ್ಗುಲು ಬಿಳಿಚಿಕೊಂಡಿತು. ನಾನು ದಿನವೂ ಹೋಗಿ ನೋಡಿ ಬರುತ್ತಿದ್ದೆ. ಸಂಕಟವಾಗಲಿಲ್ಲ, ಸಂತೋಷವಾಯಿತು.

ಅದಕ್ಕೆ ಮುಂಚೆ ಪ್ರತಿ ವರ್ಷ ಬಿತ್ತನೆಗೆ ನಾಲ್ಕೈದು ಮನೆಯವರು ಕೈಗುಣ ಒಳ್ಳೆಯದೆಂದು ಅವಳ ಕೈಯಿಂದಲೇ ಬೀಜ ಈಸಿಕೊಳ್ಳುತ್ತಿದ್ದರು. ಮರುವರ್ಷ ಅಕ್ಕ ಬೀಜ ಕೇರಿ, ಮೊರ ಮುಂದಿಟ್ಟುಕೊಂಡು ಜಗುಲಿಯಲ್ಲಿ ಕೂತಳು. ಮಧ್ಯಾಹ್ನದವರೆಗೂ ಒಬ್ಬರೂ ಬರಲಿಲ್ಲ. ನಾನು ನಮ್ಮ ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಬಾವಿಗೆ ಹೋಗಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವಳು ಮೊರ ಎತ್ತಿಕೊಂಡು ಒಳಗೆ ಹೋದಳು. ಅದರ ಮುಂದಿನ ವರ್ಷವೂ ಕೂತಳು. ಆಮೇಲೆ ಕೂರಲಿಲ್ಲ. ಯಾರು ಆಡಿದ ಮಾತೆಂದು ಅವಳಿಗೆ ಗೊತ್ತಿತ್ತು, ಒಂದು ದಿನವೂ ಕೇಳಲಿಲ್ಲ. ಹಾಗೆ ಕೇಳದೆ ಇದ್ದುದಕ್ಕೂ ನಾನು ಅವಳನ್ನು ಕಂಡು ಕರುಬಿದೆ.

ಕೆಲವು ವರ್ಷಗಳಲ್ಲಿ ವಿಷಮಜ್ವರ ಬಂದು ಅಕ್ಕ ತೀರಿಕೊಂಡಳು. ಹೆಣ ತೊಳೆಯಲು ಬಂದ ಮುದುಕಿಯೊಬ್ಬಳು ಅವಳ ಕಾಲು ನೇರ ಮಾಡುತ್ತ, "ಚಿನ್ನದಂತಾ ಎಂಗ್ಸು. ಬೀಜದ್ ಕೈ ಒಂದು ಸರಿ ಇರ್ನಿಲ್ಲ, ಪಾಪ" ಎಂದಳು. ಉಳಿದವರು ಹೌದೆಂದು ತಲೆಯಾಡಿಸಿದರು. ನಮ್ಮವರು ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡಿದರು. ನಾನು ಸೆರಗು ಬಾಯಿಗೆ ಒತ್ತಿ ಜೋರಾಗಿ ಅತ್ತೆ. ಓರಗಿತ್ತಿಯ ಮೇಲೆ ಎಷ್ಟು ಪ್ರೀತಿ ಎಂದು ಎಲ್ಲರೂ ನನ್ನ ಬೆನ್ನು ಸವರಿದರು.

ಈಗ ಆ ಹೆಂಗಸರಲ್ಲಿ ಒಬ್ಬರೂ ಉಳಿದಿಲ್ಲ. ಅಕ್ಕನ ಬೀಜದಲ್ಲಿ ರೋಗವಿರಲಿಲ್ಲ.